ಟವೆಲ್ಲಿನ ಕೆಳಗಿನ ಬಿರುಗಾಳಿ

ಮೇ ೧೮, ಸೋಮವಾರ

ಇವತ್ತಿನಿಂದ ನಾನು ಸಾಂಗಲಿಯವಳು. ಸರಕಾರದ ಲೆಕ್ಕದಲ್ಲಿ ಮಾತ್ರ. ಸಾಂಗಲಿ, ಮಿರಜ, ಕುಪವಾಡ ಮೂರನ್ನೂ ಸೇರಿಸಿ ಒಂದೇ ಮಹಾನಗರಪಾಲಿಕೆ ಮಾಡಿದಾಗಲೇ ಈ ವರ್ಗಾವಣೆ ಬರುತ್ತದೆಂದು ಗೊತ್ತಿತ್ತು. ಬಂತು. ಮಿರಜದ ಜನನ-ಮರಣ ವಿಭಾಗದಲ್ಲಿ ಇಷ್ಟು ವರ್ಷ ನಾನು ಕೂತ ಕುರ್ಚಿಯನ್ನು ಟೆಂಪೋದಲ್ಲಿ ಹಾಕಿ ಕಳಿಸಿದರು. ನನಗೆ ಸಿಟಿ ಬಸ್ಸು, ಅದೂ ನಿಂತುಕೊಂಡು.

ಜನನ-ಮರಣ ವಿಭಾಗ ನನ್ನ ಸ್ವಭಾವಕ್ಕೆ ಹೇಳಿ ಮಾಡಿಸಿದ ಹಾಗಿತ್ತು. ಹುಟ್ಟಿದವರು ಹುಟ್ಟಿದ್ದಾರೆ, ಸತ್ತವರು ಸತ್ತಿದ್ದಾರೆ. ನಡುವೆ 'ಬಹುಶಃ' ಎಂಬ ಮಾತಿಗೆ ಜಾಗವಿಲ್ಲ. ಖಾತ್ರಿಯಿಲ್ಲದ ಯಾವುದೂ ನನಗೆ ಸೇರುವುದಿಲ್ಲ. ಬಂದ ವರಗಳನ್ನೆಲ್ಲ ಬೇಡವೆಂದದ್ದೂ ಅದಕ್ಕೇ ಎಂದು ಅಪ್ಪ ಹೇಳುತ್ತಾನೆ. ಹೇಳಲಿ.

ಸಾಂಗಲಿಯ ಕಚೇರಿಯಲ್ಲಿ ನನ್ನ ಕುರ್ಚಿಯನ್ನು ಹುಡುಕಿದರೆ ಅದರ ಮೇಲೆ ದೀಪ ವಿಭಾಗದ ಒಬ್ಬ ಮನುಷ್ಯ ಕೂತಿದ್ದ. ಮುಂದಿನ ಮೇಜಿನ ತುಂಬ ವೈರು, ಹೋಲ್ಡರು, ಕೆಟ್ಟ ಬಲ್ಬುಗಳು.

"ಇದು ಮಿರಜದ ಕುರ್ಚಿರಿ" ಅಂದೆ.

"ಈಗ ಎಲ್ಲಾ ಒಂದ ಆಗೇತಲ್ರಿ ಬಾಯಾರ. ಕುರ್ಚಿಗೆ ಎಲ್ಲೀ ಊರು?" ಅಂದ. ಎದ್ದ, ಆದರೆ ನಗುತ್ತ ಎದ್ದ. ಅದು ನನಗೆ ಹಿಡಿಸಲಿಲ್ಲ.

ಮನೆಗೆ ಬಂದು ಅಪ್ಪನಿಗೆ ಹೇಳಿದೆ, ಸಾಂಗಲಿಯವರಿಗೆ ನಾಚಿಕೆ ಇಲ್ಲ ಎಂದು. ಅಪ್ಪ ಜೀವಮಾನವಿಡೀ ಸಾಂಗಲಿಯ ಅರಿಶಿನ ಪೇಟೆಯಲ್ಲಿ ದಲಾಲಿ ಮಾಡಿದವನು. ಬೆಳಗ್ಗೆ ಮಿರಜದಿಂದ ಹೋಗಿ ಸಂಜೆ ಹಳದಿಯಾಗಿ ಮರಳುತ್ತಿದ್ದ. "ಸಾಂಗಲಿ ಅನ್ನಾ ಉಂಡ ಬೆಳದಾಕಿ ನೀ, ಸುಮ್ಮಕಿರು" ಅಂದ.

ಮೇ ೨೦, ಬುಧವಾರ

ಸಾಹೇಬರು ಕರೆಸಿದರು. ಹೊಸ ಪಾಲಿಕೆಯ ಮೊದಲ ಕಾರ್ಯಕ್ರಮವೆಂದರೆ ಸಾಮೂಹಿಕ ಮದುವೆ, ಹನ್ನೊಂದು ಜೋಡಿ, ಮೇ ೩೧ರ ರವಿವಾರ. ಮಿರಜದವರು ಮಿರಜದಲ್ಲಿ ಆಗಲಿ ಎಂದರಂತೆ, ಕುಪವಾಡದವರು ಕುಪವಾಡದಲ್ಲಿ ಎಂದರಂತೆ. ಕಡೆಗೆ ನದಿ ಯಾರಪ್ಪನದೂ ಅಲ್ಲ ಎಂದು ಹರಿಪುರದ ಸಂಗಮದ ಬಯಲನ್ನು ಗೊತ್ತು ಮಾಡಿದ್ದಾರೆ. ಅಲ್ಲೇ ಹಂದರ.

ಈಗ ರೇಡಿಯೋದಲ್ಲಿ ಅರಬೀ ಸಮುದ್ರದಲ್ಲಿ ಏನೋ ಏಳುತ್ತಿದೆ ಎಂದು ಹೇಳಿದ್ದಾರೆ. ಸಾಹೇಬರು ಮರಾಠಿಯಲ್ಲಿ ಹೇಳಿದ್ದು ಇಷ್ಟು: ದಿನಾ ಹವಾಮಾನ ಕಚೇರಿಗೆ ಫೋನು ಮಾಡಿ, ಬಿರುಗಾಳಿ ಬರುತ್ತದೆಯೋ ಇಲ್ಲವೋ ನನಗೆ ಹೇಳಬೇಕು, ನೀವು ಖಾತ್ರಿಯಿಲ್ಲದ ಮಾತು ಆಡುವುದಿಲ್ಲವೆಂದು ಮಿರಜದವರು ಹೇಳಿದರು.

ಹೆಮ್ಮೆಯಾಯಿತು. ಹೊರಗೆ ಬಂದಮೇಲೆ ಹಂದರ, ದೀಪ, ಧ್ವನಿವರ್ಧಕ ಎಲ್ಲದರ ಜವಾಬ್ದಾರಿ ಆ ಕುರ್ಚಿಯ ಮನುಷ್ಯನದೆಂದು ತಿಳಿಯಿತು. ಹೆಸರು ಚೌಗುಲೆ. ಹೆಮ್ಮೆ ಅರ್ಧಕ್ಕೆ ಇಳಿಯಿತು.

ಮೇ ೨೧, ಗುರುವಾರ

ಹವಾಮಾನ ಕಚೇರಿಯಲ್ಲಿ ಫೋನು ಎತ್ತಿದವರು ನನ್ನ ಮರಾಠಿ ಕೇಳಿ, "ನೀವು ಕನ್ನಡದವರೇನ್ರಿ?" ಅಂದರು. ಧಾರವಾಡದವರಂತೆ. ಹಾಯೆನಿಸಿತು, ಇನ್ನು ಒಂದು ಖಚಿತ ಉತ್ತರ ಸಿಗುತ್ತದೆ ಎಂದುಕೊಂಡೆ.

"ಬಿರುಗಾಳಿ ಆಗತೈತೇನ್ರಿ?"

"ಆದ್ರೂ ಆಗಬಹುದು."

"ಆದ್ರ ಎಷ್ಟ ಜೋರು?"

"ಅದನ್ನ ಕೇಳಬ್ಯಾಡ್ರಿ ತಂಗಿ" ಎಂದು ನಕ್ಕರು. "ಯಾವ ದಿಕ್ಕಿಗೆ ಹೊಂಟೈತಿ ಅನ್ನೂದು ಒಂದೀಟು ಹೇಳಬಹುದು. ಜೋರು ಹೇಳೂದು ಭಾಳ ಕಠಿಣ. ನಡುಸಮುದ್ರದಾಗ ಹೋಗಿ ಅಳಿಯಾವ್ರು ಯಾರು? ಮ್ಯಾಲಿಂದ ತಗದ ಚಿತ್ರಾ ನೋಡಿ ಅಂದಾಜ ಮಾಡತೀವಿ. ಕೆಳಗ ನೀರ ಬೆಚ್ಚಗಿದ್ರ ಉಬ್ಬತೈತಿ. ಮ್ಯಾಲಿನ ಗಾಳಿ ಅಡ್ಡ ಬೀಸಿದ್ರ ಅದರ ತಲೀನ ಹಾರಿ ಹೋಗತೈತಿ. ಇವತ್ತ ಹಂಗ, ನಾಳಿ ಹಿಂಗ."

ಸಾಹೇಬರಿಗೆ ಏನೆಂದು ವರದಿ ಕೊಡಲಿ? 'ಬೆಳವಣಿಗೆಯನ್ನು ಗಮನಿಸಲಾಗುತ್ತಿದೆ' ಎಂದು ಕೊಟ್ಟೆ. ಚೌಗುಲೆ ಅದನ್ನು ಓದಿ, "ನಮ್ಮ ದೀಪ ವಿಭಾಗದಾಗೂ ಬಲ್ಬ ಹತ್ತಲಿಲ್ಲಂದ್ರ ಇದನ್ನ ಬರಿತೀವಿ" ಅಂದ. ಮೈ ಉರಿಯಿತು.

ಮೇ ೨೩, ಶನಿವಾರ

ಬಿರುಗಾಳಿ ಆಗಿಯೇ ಬಿಟ್ಟಿದೆ. ರತ್ನಾಗಿರಿಯ ಕಡೆ ಮುಖ ಮಾಡಿದೆಯಂತೆ. ಧಾರವಾಡದವರು "ಜೋರಾಗೂ ಹಂಗ ಕಾಣತೈತಿ" ಎಂದರು. ಹಂದರ ಬೇಡ ಎಂದು ನಾನು ಸಾಹೇಬರಿಗೆ ಹೇಳಿದೆ. ಚೌಗುಲೆ ಬೇಕು ಅಂದ. ಸಾಹೇಬರು ಇಬ್ಬರನ್ನೂ ನೋಡಿ, ಕಾರ್ಯಕ್ರಮ ರದ್ದಾದರೆ ಈ ವರ್ಷ ಮತ್ತೆ ಆಗುವುದಿಲ್ಲ, ಒಂದು ಜೋಡಿಯ ಮನೆಯವರನ್ನಾದರೂ ಹೋಗಿ ಕೇಳಿ ಬನ್ನಿ ಎಂದರು. ಚೌಗುಲೆಯ ಊರು ಸಮಡೋಳಿ. ಅಲ್ಲಿ ಒಬ್ಬ ವಧು ಇದ್ದಾಳಂತೆ. ನಾಳೆ ರಜೆಯ ದಿನ ಹೋಗಬೇಕು, ಅವನ ಲೂನಾ ಮೊಪೆಡ್ಡಿನ ಮೇಲೆ.

ಮೇ ೨೪, ರವಿವಾರ

ಲೂನಾದ ಮೇಲೆ ಕೂರುವುದೆಂದರೆ ಅರ್ಧ ದಾರಿ ನಡೆಯುವುದು. ಏರು ಬಂದಲ್ಲೆಲ್ಲ ಇಳಿದು ತಳ್ಳಿದೆವು. ನನ್ನ ಸೀರೆಗೆ ಎಣ್ಣೆ ಹತ್ತಿತು. ಚೌಗುಲೆ ಅದಕ್ಕೆ ಸುಣ್ಣ ತಿಕ್ಕಿದರೆ ಹೋಗುತ್ತದೆ ಎಂದರು. ಹೋಗಲಿಲ್ಲ.

ವಧುವಿನ ಹೆಸರು ಕೃಷ್ಣವ್ವ. ಅವಳ ಅಪ್ಪ ಅಮೋಘಸಿದ್ಧ ಜತ್ತದ ಕಡೆಯ ಕುರುಬ. ಬೇಸಗೆಯಲ್ಲಿ ಕುರಿ ಹೊಡೆದುಕೊಂಡು ನದಿಯ ಕಡೆ ಬರುತ್ತಾರೆ. ಹೊಲದವರು ಗೊಬ್ಬರಕ್ಕೆಂದು ತಮ್ಮ ಹೊಲದಲ್ಲಿ ಹಿಂಡು ತರುಬಿಸಿಕೊಳ್ಳುತ್ತಾರೆ. ಈ ವರ್ಷ ಅವರು ಕೂತದ್ದು ಚೌಗುಲೆಯವರದೇ ಹೊಲದಲ್ಲಿ. ವರ ಬಾಳು ಕುಪವಾಡದ ಕಾರ್ಖಾನೆಯಲ್ಲಿ ಎರಕದ ಕೆಲಸದವನು.

"ಮದಿವಿ ಮುಂದ ಹಾಕಿದ್ರ ನಡೀತೈತೇನು ಕಾಕಾ?" ಎಂದು ಕೇಳಿದೆ.

ಅಮೋಘಸಿದ್ಧ ಕಂಬಳಿ ಹಾಸಿ ಕೂರಿಸಿದ. "ಮಳಿ ಬಿತ್ತಂದ್ರ ಈ ಕರೀ ಮಣ್ಣಾಗ ಕುರಿ ಕಾಲು ಕೊಳೀತಾವ್ರಿ. ಮರದಿನಾನ ಗಂಟು ಕಟ್ಟಬೇಕು. ಮತ್ತ ಈ ಕಡೆ ಬರೂದು ದೀಪಾವಳಿ ಆದ ಮ್ಯಾಲ."

"ಮಳಿ ಯಾವಾಗ ಬರತೈತಿ, ನಿಮಗೇನರ ತಿಳೀತೈತೇನು?" ಎಂದು ಚೌಗುಲೆ ಕೇಳಿದರು.

"ನಮ್ಮ ದೇವರ ಹೇಳಿಕಿ ಆಗೇತ್ರಿ. ಮಳಿ ಬಂದರೂ ಬಂತು, ಹೋದರೂ ಹೋತು ಅಂದಾನ. ಹ್ವಾದ ವರ್ಷಾನೂ ಹಂಗ ಅಂದಿದ್ದ, ಖರೇನ ಆತು." ಹೀಗೆ ಹೇಳಿ ಅವನೇ ಗಹಗಹಿಸಿ ನಕ್ಕ. ಧಾರವಾಡದವರಿಗೂ ಈ ದೇವರಿಗೂ ಪರಿಚಯವಿರಬೇಕು.

ಹೊರಡುವಾಗ ಕೃಷ್ಣವ್ವ ನನ್ನ ಸೆರಗು ಹಿಡಿದು ಆಚೆ ಕರೆದಳು. "ಅಕ್ಕಾ, ಅವತ್ತಾ ಆಗೂಹಂಗ ಮಾಡ್ರಿ. ಬಾಳೂನ ಅವ್ವ ಇನ್ನೊಂದು ಹೆಣ್ಣು ನೋಡಿ ಇಟ್ಟಾಳ. ದೀಪಾವಳಿತನಕಾ ಆಕಿ ತಡ್ಯಾಕಿ ಅಲ್ಲ. ಅಂವ ತಡೀತಾನ, ಖರೆ. ಆದ್ರ ಅವ್ವನ ಮುಂದ ಅಂವಂದೇನ ನಡೀತೈತಿ?" ಅವಳ ಕಣ್ಣಲ್ಲಿ ನೀರಿತ್ತು. ನನಗೂ ಬಂತು, ಬಿಸಿಲಿಗೆ ಎಂದೆ.

ದಾರಿಯಲ್ಲಿ ಚೌಗುಲೆ, ಮನೆ ಇಲ್ಲೇ ಇದೆ, ಅವ್ವ ಮಜ್ಜಿಗೆಗೆ ಕಾಯುತ್ತಿರುತ್ತಾಳೆ ಎಂದರು. ಆಫೀಸಿನ ಕೆಲಸಕ್ಕೆ ಬಂದವಳು, ಮಜ್ಜಿಗೆಗೆ ಅಲ್ಲ ಎಂದೆ. ಅವರು ಲೂನಾ ತಳ್ಳಿದರು. ಬಾಯಾರಿಕೆ ಮಾತ್ರ ವಿಪರೀತವಾಗಿತ್ತು.

ಮೇ ೨೫, ಸೋಮವಾರ

ಬಿರುಗಾಳಿ ಜೋರಾಗಿದೆ. ತೀರಾ ಜೋರು. ಸಾಹೇಬರು ನೀರು ಕುಡಿದರು.

ಮೇ ೨೬, ಮಂಗಳವಾರ

ಬಿರುಗಾಳಿ ತಣ್ಣಗಾಗಿದೆ. ಮೇಲಿನ ಗಾಳಿ ಅದರ ತಲೆ ಹಾರಿಸಿತಂತೆ. ಸಾಹೇಬರು ಮತ್ತೆ ನೀರು ಕುಡಿದರು.

ನಾನು ಫೋನಿನಲ್ಲಿ ಧಾರವಾಡದವರ ಜೊತೆ ಜಗಳಾಡಿದೆ. ನಿನ್ನೆ ಹಾಗೆ, ಇವತ್ತು ಹೀಗೆ, ನಾಳೆ ಏನು ಎಂದೆ. ಅವರು ಬೇಸರಪಟ್ಟುಕೊಳ್ಳಲಿಲ್ಲ. "ತಂಗಿ, ಇಪ್ಪತ್ತು ವರ್ಷದಿಂದ ಇದನ್ನ ನೋಡಾಕತ್ತೀನಿ. ಗೊತ್ತಿಲ್ಲ ಅನ್ನಾಕ ನನಗ ನಾಚಿಕಿ ಇಲ್ಲ. ಗೊತ್ತಿಲ್ಲದ್ದನ್ನ ಗೊತ್ತೈತಿ ಅಂದ್ರ ಮೀನುಗಾರರ ದೋಣಿ ಮುಳಗತಾವ" ಅಂದರು. ನಾನು ಫೋನಿಟ್ಟೆ.

ಭೂಪಾಲ ಅವರು ಚಹಾ ತರಿಸಿದ್ದರು. ಚೌಗುಲೆಯವರ ಹೆಸರು ಭೂಪಾಲ ಎಂದು ಹಾಜರಿ ಹಾಕುವಾಗ ಕಂಡಿತು. ಸಾಂಗಲಿಯ ಚಹಾ ಕುಡಿಯುವ ಹಾಗಿದೆ, ಒಪ್ಪಬೇಕು. ಕಂಬ ಹತ್ತುವವನಿಗೆ ಹೆಣ್ಣು ಕೊಡಲು ಜನ ಹೆದರುತ್ತಾರಂತೆ. ಈಗ ಅವರು ಮೇಲ್ವಿಚಾರಕರು, ಹತ್ತುವುದಿಲ್ಲ, ಆದರೆ ಸುದ್ದಿ ಹೋಗಿಲ್ಲವಂತೆ. ಯಾಕೆ ಬರೆದೆನೋ, ಹವಾಮಾನಕ್ಕೂ ಇದಕ್ಕೂ ಸಂಬಂಧವಿಲ್ಲ.

ಮೇ ೨೭, ಬುಧವಾರ

ಮತ್ತೆ ಉಬ್ಬುತ್ತಿದೆ! ಬೆಚ್ಚನೆಯ ನೀರಿನ ಮೇಲೆ ಬಂದಿದೆಯಂತೆ.

ನಾಳೆ ಸಭೆ, ಏನಾದರೂ ಒಂದು ತೀರ್ಮಾನ ಆಗಬೇಕು. ಊಟದ ಹೊತ್ತಿನಲ್ಲಿ ಅಪ್ಪನಿಗೆ ಹೇಳಿಕೊಂಡೆ: ಎಲ್ಲರೂ ಒಂದೊಂದು ಹೇಳುತ್ತಾರೆ, ಸಾಹೇಬರ ಮುಂದೆ ಮತ್ತೊಂದು ಹೇಳುತ್ತಾರೆ, ತಪ್ಪಾದರೆ ಹೆಸರು ಕೆಡುತ್ತದೆಂದು ಯಾರೂ ಬಾಯಿಬಿಟ್ಟು ನಿಜ ಹೇಳುವುದಿಲ್ಲ.

ಅಪ್ಪ ತಟ್ಟೆ ಸರಿಸಿ, ಹೆಗಲಿನ ಟವೆಲ್ ತೆಗೆದು ನನ್ನ ಬಲಗೈ ಮೇಲೆ ಹೊದಿಸಿದ. ಅರಿಶಿನ ಪೇಟೆಯಲ್ಲಿ ದರ ಕಟ್ಟುವುದು ಹೀಗೆ. ದಲಾಲನ ಕೈ ಮೇಲೆ ಅರಿವೆ. ಕೊಳ್ಳುವವನು ಅದರ ಕೆಳಗೆ ಕೈ ಹಾಕಿ, ತನಗೆ ಬೇಕಾದಷ್ಟು ಬೆರಳು ಹಿಡಿಯುತ್ತಾನೆ. ಪಕ್ಕದವನಿಗೆ ತಿಳಿಯುವುದಿಲ್ಲ, ದಲಾಲ ಸಾಯುವವರೆಗೂ ಹೇಳುವುದಿಲ್ಲ.

"ಬಾಯಿಲೆ ಕೇಳಿದ್ರ ಮಂದಿ ಮಾರಿ ನೋಡಿ ಹೇಳತಾರ" ಅಂದ ಅಪ್ಪ. "ಅರಿವಿ ಕೆಳಗ ಕೈ ಹೋತಂದ್ರ ಮನಸಿನ್ಯಾಗ ಇದ್ದದ್ದ ಹೇಳತಾರ."

ಆಮೇಲೆ, "ಆ ಚೌಗುಲೆ ಹುಡುಗ ಸಮಡೋಳಿ ಚಂದ್ರಾಬಾಯಿ ಮಗನೇನು?" ಎಂದು ಕೇಳಿದ. ಗೊತ್ತಿಲ್ಲ ಎಂದೆ. ಹುಡುಗನಂತೆ! ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿದೆ.

ಮೇ ೨೮, ಗುರುವಾರ

ಇವತ್ತು ನಡೆದದ್ದನ್ನು ಪೂರ್ತಿ ಬರೆಯಬೇಕು.

ಸಭೆಯಲ್ಲಿ ಮೂರೂ ಊರಿನ ಅಧಿಕಾರಿಗಳು, ಮದುವೆ ಮಾಡಿಸುವ ಭಟ್ಟರು, ಭೂಪಾಲ ಅವರು, ಹೆಣ್ಣಿನ ಕಡೆಯವರ ಪರವಾಗಿ ಬಾಗಿಲ ಬಳಿ ಅಮೋಘಸಿದ್ಧ. ಬಿರುಗಾಳಿ ರವಿವಾರ ನಮಗೆ ಮುಟ್ಟುತ್ತದೋ ಇಲ್ಲವೋ ಎಂದು ಸಾಹೇಬರು ಒಬ್ಬೊಬ್ಬರನ್ನೇ ಕೇಳಿದರು. ಕೆಲವರು ಫ್ಯಾನು ನೋಡಿದರು. ಕೆಲವರು ಸಾಹೇಬರ ಮುಖ ನೋಡಿ, ಏನೂ ಆಗುವುದಿಲ್ಲ ಎಂದರು. ಕಡೆಗೆ ಎಲ್ಲರೂ ನನ್ನ ಕಡೆ ತಿರುಗಿದರು.

ನಾನು ಚೀಲದಿಂದ ಅಪ್ಪನ ಟವೆಲ್ ತೆಗೆದೆ.

ಮೊದಲು ಯಾರಿಗೂ ಅರ್ಥವಾಗಲಿಲ್ಲ. ಬಾಯಲ್ಲಿ ಕೇಳಿದರೆ ಜನ ಮುಖ ನೋಡಿ ಹೇಳುತ್ತಾರೆ ಎಂಬ ಅಪ್ಪನ ಮಾತು ಹೇಳಿದೆ. ಬಿರುಗಾಳಿ ಬರುವುದೇ ಇಲ್ಲ ಅನ್ನುವವರು ಒಂದು ಬೆರಳು ಹಿಡಿಯಿರಿ, ಬಂದೇ ಬರುತ್ತದೆ ಅನ್ನುವವರು ಐದೂ, ನಡುವಿನವರು ನಡುವೆ; ಯಾರದೂ ಹೊರಗೆ ಬೀಳುವುದಿಲ್ಲ ಎಂದು ವಿವರಿಸಿದೆ. ಒಬ್ಬ ಅಧಿಕಾರಿ, ಹೆಣ್ಣುಮಗಳ ಕೈ ಹಿಡಿಯುವುದು ಹೇಗೆ ಎಂದು ಮುಜುಗರಪಟ್ಟರು. "ಟವೆಲ್ ದಪ್ಪ ಐತ್ರಿ" ಅಂದೆ. ಬಾಗಿಲಲ್ಲಿದ್ದ ಅಮೋಘಸಿದ್ಧ, "ಕುರೀ ಸಂತ್ಯಾಗ ನಮ್ಮದೂ ಇದ ಪದ್ಧತಿ!" ಎಂದು ಮೊದಲು ಅವನೇ ಎದ್ದು ಬಂದ. ಅವನು ಹಿಡಿದ ಮೇಲೆ ಉಳಿದವರಿಗೂ ಹುರುಪು ಬಂತು. ಭಟ್ಟರು ಕಣ್ಣು ಮುಚ್ಚಿ ಹಿಡಿದರು. ಸಾಹೇಬರೂ ಬಾಗಿಲು ಹಾಕಿಸಿ ಹಿಡಿದರು. ಸಾಂಗಲಿ, ಮಿರಜ, ಕುಪವಾಡ ಎಂದು ಬೇರೆ ಬೇರೆ ಕೂತಿದ್ದವರು ನಗುತ್ತ ಒಂದೇ ಸಾಲಿನಲ್ಲಿ ನಿಂತಿದ್ದರು.

ಯಾರದು ಎಷ್ಟು ಎಂದು ಇಲ್ಲೂ ಬರೆಯುವುದಿಲ್ಲ, ನಾನು ದಲಾಲನ ಮಗಳು. ಇಷ್ಟು ಮಾತ್ರ: ಏನೂ ಆಗುವುದಿಲ್ಲ ಎಂದು ಎದೆ ತಟ್ಟಿದವರೇ ಐದೂ ಬೆರಳು ಹಿಡಿದರು. ಭೂಪಾಲ ಅವರದು ಮೂರು. ಅಯ್ಯೋ, ಬರೆದುಬಿಟ್ಟೆ. ಇರಲಿ, ಅಳಿಸಿದರೆ ಪುಟ ಹೊಲಸಾಗುತ್ತದೆ. ಹಿಡಿದ ಬೆರಳು ಬಿಡಲು ಅವರು ಸ್ವಲ್ಪ ತಡ ಮಾಡಿದರು. ಹೊಸಬರಿಗೆ ಪೇಟೆಯ ರೀತಿ ಗೊತ್ತಿರುವುದಿಲ್ಲ.

ಒಂದರಿಂದ ಐದರವರೆಗೆ ಎಲ್ಲವೂ ಬಂದಿತ್ತು. ಒಂದೇ ಕಡೆ ಸೇರಿರಲಿಲ್ಲ. ಸಾಹೇಬರು, ಹಾಗಾದರೆ ಉತ್ತರವೇನು ಎಂದರು.

"ಗೊತ್ತಿಲ್ಲ ಅನ್ನೂದ ಉತ್ತರಾರಿ ಸಾಹೇಬ್ರ" ಅಂದೆ. ಟವೆಲ್ ಮಡಚುತ್ತ ಮುಂದುವರಿಸಿದೆ. "ಗೊತ್ತಿಲ್ಲ ಅಂದ ಮ್ಯಾಲ ರದ್ದು ಮಾಡೂದೂ ತಪ್ಪು, ಬಯಲಾಗ ಮಾಡಿ ಕೈಕಟ್ಟಿ ಕೂಡೂದೂ ತಪ್ಪು. ಎರಡಕ್ಕೂ ತಯಾರಿರೂಣು. ಹಂದರಾನೂ ಇರಲಿ, ಪಕ್ಕದಾಗ ಒಂದ ಸೂರೂ ಇರಲಿ."

ಸಂಗಮದ ಬಯಲಿಗೆ ರಸ್ತೆಯಾಚೆಯೇ ಜಿನಪ್ಪ ಕಾಕಾನ ಅರಿಶಿನದ ವಖಾರವಿದೆ, ದೊಡ್ಡ ಗೋದಾಮು. ಅಪ್ಪ ಅವರಿಗೇ ದಲಾಲಿ ಮಾಡುತ್ತಿದ್ದದ್ದು. ಚೀಲಗಳನ್ನು ಗೋಡೆಗೆ ಒಟ್ಟಿದರೆ ನಡುವೆ ಊರು ಹಿಡಿಯುವಷ್ಟು ಜಾಗ. ಭೂಪಾಲ ಅವರು ತಕ್ಷಣ, "ಅಲ್ಲೂ ದೀಪ ಎಳೀತೀನಿ" ಅಂದರು. ಹಂದರ ಬೇಕೇ ಬೇಕು ಎಂದು ಜಗಳಾಡಿದ ಮನುಷ್ಯ ಎರಡು ಪಟ್ಟು ಕೆಲಸ ಒಪ್ಪಿಕೊಂಡರು. ಸಾಂಗಲಿಯಲ್ಲೂ ಒಬ್ಬಿಬ್ಬರು ಒಳ್ಳೆಯವರಿದ್ದಾರೆ.

ಮೇ ೩೦, ಶನಿವಾರ

ಬೆಳಗಿನಿಂದ ವಖಾರದಲ್ಲಿ ಇದ್ದೆವು. ಜಿನಪ್ಪ ಕಾಕಾ ಮೊದಲು, "ನನ್ನ ಮಾಲಿಗೆ ಹಸಿ ಹತ್ತಿದ್ರ ಯಾರು?" ಎಂದು ಗುಡುಗಿದರು, ಆಮೇಲೆ ಅಪ್ಪ ಬಂದು ಕೂತ ಮೇಲೆ ತಾವೇ ಹಮಾಲರನ್ನು ಕರೆದು ಚೀಲ ಸರಿಸಿದರು. ಭೂಪಾಲ ವೈರು ಎಳೆಯಲು ಚೀಲಗಳ ಒಟ್ಟಿನ ಮೇಲೆ ಹತ್ತಿ, ಜಾರಿ, ಸೊಂಟದವರೆಗೆ ಹಳದಿಯಾದರು. ಅಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. "ಮದಿವಿಗಿಂತ ಮದಲ ಅರಿಶಿಣ ಆತಲ್ಲೋ ತಮ್ಮಾ!" ನಾನೂ ನಕ್ಕೆ. ಇಷ್ಟು ನಕ್ಕದ್ದು ಯಾವಾಗಲೋ.

ಬಿರುಗಾಳಿ? ಹಾಂ, ಫೋನು ಮಾಡಿದ್ದೆ. ಇನ್ನೂ ಗೊತ್ತಿಲ್ಲವಂತೆ.

ಜೂನ್ ೧, ಸೋಮವಾರ

ನಿನ್ನೆ ಬರೆಯಲಾಗಲಿಲ್ಲ. ಈಗ ಕ್ರಮವಾಗಿ ಬರೆಯುತ್ತೇನೆ.

ನಿನ್ನೆ ಬೆಳಗ್ಗೆ ಆಕಾಶ ತೊಳೆದ ಹಾಗಿತ್ತು. ಧಾರವಾಡದವರು ರವಿವಾರವಾದರೂ ನನಗಾಗಿ ಫೋನಿನ ಬಳಿ ಕೂತಿದ್ದರು. "ಅದರ ಜೀವಾ ಹೋತ್ರಿ ತಂಗಿ, ಸಮುದ್ರದಾಗ ಕರಗಿತು. ಆದ್ರ ಉಳದ ಮೋಡ ಎತ್ತಾಗ ಹೋಗತಾವ ಹೇಳಾಕ ಬರೂದಿಲ್ಲ. ಗಾಳಿ ಜೋರು ಕಡಿಮಿ ಆತಂದ್ರ ನೀರೂ ಕಡಿಮಿ ಅಂತ ಅಲ್ಲ." ಎರಡೂ ಮಾತನ್ನು ಸಾಹೇಬರಿಗೆ ಹೇಳಿದೆ. ಅವರು ಮೊದಲನೆಯದನ್ನು ಮಾತ್ರ ಕೇಳಿಸಿಕೊಂಡು ಹೊಸ ಪೇಟ ಸುತ್ತಿಕೊಂಡರು.

ಹೀಗಾಗಿ ಎಲ್ಲರೂ ಹಂದರದಲ್ಲಿ. ಹನ್ನೊಂದು ಜೋಡಿ, ಹನ್ನೊಂದು ಅಂತರಪಟ. ವಧು-ವರರ ನಡುವೆ ಆ ಬಿಳಿ ಅರಿವೆಯನ್ನು ಇಬ್ಬರು ಹಿಡಿಯಬೇಕು. ಅಕ್ಷತೆ ಬೀಳುವವರೆಗೆ ಅವರು ಒಬ್ಬರ ಮುಖ ಒಬ್ಬರು ನೋಡಬಾರದು. ಕೃಷ್ಣವ್ವನ ಸೋದರಮಾವ ಕುರಿಗಳ ಹತ್ತಿರ ಉಳಿದಿದ್ದರಿಂದ ಅವಳು ನನ್ನನ್ನೇ ಕರೆದಳು. ಇನ್ನೊಂದು ತುದಿ ಹಿಡಿಯಲು ಬಾಳು, ಎದುರಿಗೆ ಸಿಕ್ಕ ಭೂಪಾಲನನ್ನು ಎಳೆದ. ಬಾಳೂನ ಅವ್ವ ಮುಖ ಗಂಟಿಕ್ಕಿ ಮುಂದೆಯೇ ಕೂತಿದ್ದಳು.

ಭಟ್ಟರು ಮಂಗಲಾಷ್ಟಕ ಶುರು ಮಾಡಿದರು. ಎರಡನೆಯ ಶ್ಲೋಕ ಮುಗಿಯುವಷ್ಟರಲ್ಲಿ ವಾರಣಾ ನದಿಯ ಕಡೆಯಿಂದ ಒಂದು ತಣ್ಣನೆಯ ಗಾಳಿ ಬಂತು. ಬಂದದ್ದೇ ಹಂದರದ ಬಟ್ಟೆಯನ್ನು ಎತ್ತಿಕೊಂಡು ಹೋಯಿತು. ಭೂಪಾಲ ಅಂತರಪಟದ ತುದಿ ಹಲ್ಲಿನಲ್ಲಿ ಕಚ್ಚಿಕೊಂಡು, ಕೈಚಾಚಿ ಮೇನ್ ಸ್ವಿಚ್ ಕೆಳಗೆಳೆದ. ಮುಂದಿನ ಕ್ಷಣ ಮಳೆ. ಹನಿಯೆಂಬುದಿಲ್ಲ, ಕೊಡ ಮಗುಚಿದ ಹಾಗೆ.

"ವಖಾರ! ವಖಾರಕ್ಕ ನಡೀರಿ!" ಎಂದು ನಾನು ಕೂಗಿದೆ. ನನ್ನ ದನಿ ಅಷ್ಟು ದೊಡ್ಡದೆಂದು ನನಗೇ ಗೊತ್ತಿರಲಿಲ್ಲ.

"ಮುಹೂರ್ತ ಮೀರತೈತಿ! ಅಂತರಪಟ ಇಳಸಬ್ಯಾಡ್ರಿ!" ಎಂದು ಭಟ್ಟರು ಕೂಗಿ, ಮೂರನೆಯ ಶ್ಲೋಕ ಹಾಡುತ್ತಲೇ ಕಚ್ಚೆ ಎತ್ತಿ ಓಡಿದರು. ಅವರ ಹಿಂದೆ ಹನ್ನೊಂದು ಅಂತರಪಟಗಳು ಅಡ್ಡಡ್ಡ ಓಡಿದವು. ಹಿಡಿದವರು ಏಡಿಗಳ ಹಾಗೆ ಪಕ್ಕಕ್ಕೆ ಓಡಬೇಕು, ಆಚೆ ವರ, ಈಚೆ ವಧು, ಮೇಲಿನಿಂದ ಮಳೆ, ಹಿಂದಿನಿಂದ ಬೀಗರು, ಬ್ಯಾಂಡಿನವರು. ಓಡುತ್ತಲೇ ಬ್ಯಾಂಡು ಬಾರಿಸಿದರು, ಪುಣ್ಯಾತ್ಮರು. ನನ್ನ ಚಪ್ಪಲಿ ಕೆಸರಿನಲ್ಲಿ ಉಳಿಯಿತು. ಅರಿವೆಯ ಆ ತುದಿಯಲ್ಲಿ ಭೂಪಾಲ ನನ್ನನ್ನೇ ನೋಡುತ್ತ, "ಎತ್ತಿ ಹಿಡೀರಿ ಮಂಗಲಬಾಯಿ, ಬಾಳು ಹಣಿಕಿ ಹಾಕಾಕತ್ತಾನ!" ಎಂದು ನಗುತ್ತಿದ್ದ. ನಾನೂ ಅವನನ್ನೇ ನೋಡುತ್ತಿದ್ದೆ. ಬೇರೆ ಎಲ್ಲಿ ನೋಡಲಿ, ಹಾಗೇ ಓಡಬೇಕಿತ್ತು.

ಒಂದು ಕಡೆ ಕೃಷ್ಣವ್ವ ಜಾರಿದಳು. ಬಿದ್ದಳೆಂದುಕೊಂಡೆ. ಹಿಂದಿನಿಂದ ಎರಡು ಕೈ ಬಂದು ಅವಳನ್ನು ಎತ್ತಿ ನಿಲ್ಲಿಸಿದವು. ನೋಡಿದರೆ ಬಾಳೂನ ಅವ್ವ! "ನನ್ನ ಸೊಸಿ ಕಾಲು ಮುರದೀತು, ಸಂಭಾಳಿಸಿ ನಡೀರೋ!" ಎಂದು ನಮ್ಮನ್ನೇ ಬೈದಳು. ಸೊಸೆ ಎಂದಳು, ಅಕ್ಷತೆಗಿಂತ ಮೊದಲೇ. ಕೃಷ್ಣವ್ವ ಮಳೆಯಲ್ಲಿ ಅಳುತ್ತಿದ್ದಳೋ ನಗುತ್ತಿದ್ದಳೋ ತಿಳಿಯಲಿಲ್ಲ.

ವಖಾರದೊಳಗೆ ದೀಪಗಳು ಉರಿಯುತ್ತಿದ್ದವು. ಭೂಪಾಲ ಅಲ್ಲಿಗೆ ಬೇರೆಯೇ ಲೈನು ಎಳೆದಿದ್ದ. ಭಟ್ಟರು ಏದುಸಿರು ಬಿಡುತ್ತ ಕಡೆಯ 'ಸಾವಧಾನ' ಅಂದರು. ಅಂತರಪಟ ಇಳಿಯಿತು. ಅಕ್ಷತೆಯ ಕಾಳೆಲ್ಲ ತೊಯ್ದು ಮುದ್ದೆಯಾಗಿತ್ತು, ಹಾರಲೇ ಇಲ್ಲ. ಜಿನಪ್ಪ ಕಾಕಾ, ಮಾಲಿಗೆ ಹಸಿ ಎಂದು ಗುಡುಗಿದ ಅದೇ ಜಿನಪ್ಪ ಕಾಕಾ, ಒಂದು ಚೀಲದ ಬಾಯಿ ಬಿಚ್ಚಿ ಮುಷ್ಟಿ ತುಂಬ ಅರಿಶಿನದ ಪುಡಿ ತೂರಿದರು. ಆಮೇಲೆ ಕೇಳಬೇಕೆ? ಸಾಹೇಬರ ಹೊಸ ಪೇಟ, ಬ್ಯಾಂಡಿನ ತುತ್ತೂರಿ, ಬೀಗರ ಮೀಸೆ, ಎಲ್ಲವೂ ಹಳದಿ. ಯಾರು ಸಾಂಗಲಿ, ಯಾರು ಮಿರಜ, ಗುರುತೇ ಹತ್ತಲಿಲ್ಲ. ಅಮೋಘಸಿದ್ಧ ಟೊಂಕದ ಮೇಲೆ ಕೈಯಿಟ್ಟು, "ದೇವರ ಮಾತ ಸುಳ್ಳಾಗಲಿಲ್ಲ ನೋಡ್ರಿ. ಬಿರುಗಾಳಿ ಹೋತು, ಮಳಿ ಬಂತು!" ಎಂದ. ಇವತ್ತು ಹಿಂಡು ಹೊಡೆದುಕೊಂಡು ಜತ್ತದ ದಾರಿ ಹಿಡಿದಿರುತ್ತಾನೆ, ಮಗಳ ಮದುವೆ ಮುಗಿಸಿ.

ನನಗೆ ಆದ ಸಂತೋಷವನ್ನು ಹೇಗೆ ಬರೆಯಲಿ, ಬರೆಯಲು ಬರುವುದಿಲ್ಲ. ಸಾಹೇಬರು ಭಾಷಣದಲ್ಲಿ ಇದೆಲ್ಲ ತಮ್ಮ ಮುಂದಾಲೋಚನೆ ಎಂದರು. ಎನ್ನಲಿ ಬಿಡಿ.

ಎಲ್ಲರೂ ಊಟಕ್ಕೆ ಕೂತಾಗ ನಾನು ವಖಾರದ ಬಾಗಿಲಿಗೆ ಬಂದು ಮಳೆ ನೋಡುತ್ತ ನಿಂತೆ. ಕೈಯಲ್ಲಿ ಒದ್ದೆ ಅಂತರಪಟ ಇನ್ನೂ ಇತ್ತು. ಅರಿವೆ ಹಿಡಿದೇ ಇದ್ದದ್ದರಿಂದ ನನ್ನ ಕೈಗೆ ಮಾತ್ರ ಬಣ್ಣ ಹತ್ತಿರಲಿಲ್ಲ. ಭೂಪಾಲ ಬಂದು ಪಕ್ಕದಲ್ಲಿ ನಿಂತ, ಚೀಲ ಎಳೆದು ಎಳೆದು ಅಂಗೈಯೆಲ್ಲ ಹಳದಿ.

"ಮುಂದಿನ ರವಿವಾರ ಸಮಡೋಳಿಗೆ ಬರತೀರೇನು?" ಎಂದ. "ಅವ್ವಗ ನಿಮ್ಮನ್ನ ನೋಡೂದೈತಿ. ಈ ಸಲ ಆಫೀಸಿನ ಕೆಲಸಾ ಇಲ್ಲ."

ನಾನು ಬಾಯಿ ತೆರೆದೆ. ಏನು ಹೇಳುತ್ತಿದ್ದೆನೋ ಕಾಣೆ.

"ಬಾಯಿಲೆ ಬ್ಯಾಡ್ರಿ. ಮಾರಿ ನೋಡಿ ಹೇಳಿದಂಗ ಆಗತೈತಿ" ಎಂದು ಅವನು ನನ್ನ ಕೈಯಿಂದ ಅಂತರಪಟ ತೆಗೆದು ತನ್ನ ಕೈ ಮೇಲೆ ಹೊದಿಸಿಕೊಂಡು, ಬೇರೆ ಕಡೆ ನೋಡುತ್ತ ನಿಂತ. ಕಿವಿ ಕೆಂಪಾಗಿತ್ತು, ಅರಿಶಿನದಲ್ಲೂ ಕಾಣುತ್ತಿತ್ತು.

ನಾನು ಅರಿವೆಯ ಕೆಳಗೆ ಕೈ ಹಾಕಿದೆ. ಮುಂದೆ ಏನೇನಾಗುತ್ತದೆ, ಎಷ್ಟು ಜೋರಾಗುತ್ತದೆ, ಯಾವುದೂ ಗೊತ್ತಿರಲಿಲ್ಲ. ಹೆದರಿಕೆಯೂ ಆಗಲಿಲ್ಲ.

ಎಷ್ಟು ಬೆರಳು ಹಿಡಿದೆನೆಂದು ಬರೆಯುವುದಿಲ್ಲ. ಪೇಟೆಯ ನಿಯಮ ನಿಯಮವೇ.

ನಿನ್ನೆ ಸಂಜೆ ಮನೆಯಲ್ಲಿ ಅಪ್ಪನಿಗೆ ಚಹಾ ಕೊಡಲು ಹೋದೆ. ಅವನು ಬಟ್ಟಲು ತೆಗೆದುಕೊಳ್ಳಲಿಲ್ಲ. ನನ್ನ ಬಲಗೈ ಹಿಡಿದು ದೀಪದ ಕಡೆ ತಿರುಗಿಸಿದ. ಅಂಗೈ ಮೇಲೆ ಹಳದಿ ಪಟ್ಟೆಗಳು ಸ್ಪಷ್ಟವಾಗಿ ಮೂಡಿದ್ದವು. ಹಳೆಯ ದಲಾಲ, ಕನ್ನಡಕ ಏರಿಸಿ ಒಂದೊಂದನ್ನೇ ಎಣಿಸಿದ.

"ಐದೂ!" ಎಂದ.

ಆಮೇಲೆ ಕಣ್ಣೊರೆಸಿಕೊಂಡು ಚಹಾ ಕುಡಿದ. ನಾನು ಇವತ್ತು ಎರಡು ಸಲ ಸಾಬೂನು ಹಚ್ಚಿದೆ, ಸಾಂಗಲಿಯ ಅರಿಶಿನ, ಹೋಗುವ ಹಾಗೆ ಕಾಣುವುದಿಲ್ಲ.